ನರ್ಸ್‌ಗಳಿಗೆ ಸೋಂಕು ತಡೆಯುವ ತರಬೇತಿ: ವಾರ್ಡಿನಲ್ಲೇ ಕಲಿಸಿ

ಹಾಸನದ ದೊಡ್ಡ ಆಸ್ಪತ್ರೆಯಿರಲಿ, ಸಕಲೇಶಪುರ, ಬೇಲೂರಿನ ತಾಲ್ಲೂಕು ಆಸ್ಪತ್ರೆಯಿರಲಿ, ತರಬೇತಿ ಅಂದ ಕೂಡಲೇ ಹಾಲ್ ಬುಕ್ ಮಾಡಬೇಡಿ. ರಾತ್ರಿಯೆಲ್ಲಾ ಡ್ಯೂಟಿ ಮಾಡಿ ಬಂದ ಸಿಸ್ಟರ್‌ಗಳನ್ನು ಕೂರಿಸಿಕೊಂಡು ಗಂಟೆಗಟ್ಟಲೆ ಸ್ಲೈಡ್ ತೋರಿಸಿದರೆ ಯಾರ ತಲೆಗೂ ಹೋಗುವುದಿಲ್ಲ. ಶಿಫ್ಟ್ ಬದಲಾಗುವ ಹೊತ್ತಿಗೆ ವಾರ್ಡಿನಲ್ಲೇ ಹತ್ತು ಹದಿನೈದು ನಿಮಿಷ ತಗೊಳ್ಳಿ. ಒಂದು ಸಲಕ್ಕೆ ಒಂದೇ ವಿಷಯ.

ಅದಕ್ಕೂ ಮೊದಲು ವಾರ್ಡ್ ಸುತ್ತಿ ನೋಡಿ. ನಲ್ಲಿಯಲ್ಲಿ ನೀರು ಬರುತ್ತಾ? ಸೋಪು ಇದೆಯಾ? ಸ್ಯಾನಿಟೈಸರ್ ಮಂಚದ ಹತ್ತಿರ ಇದೆಯಾ, ಇಲ್ಲಾ ಬೀರುವಿನೊಳಗೆ ಬೀಗ ಹಾಕಿಟ್ಟಿದ್ದಾರಾ? ಇವೆಲ್ಲ ಸರಿಯಿಲ್ಲದಿದ್ದರೆ ಸುಮ್ನೆ ಸಿಸ್ಟರ್‌ಗಳನ್ನು ಬೈಯುವುದು ಅನ್ಯಾಯ.

ಕೈಯಿಂದಲೇ ಶುರು ಮಾಡಿ. ಬಿಳಿ ಗ್ಲೌಸ್ ಹಾಕಿಸಿ, ಅಂಗೈಗೆ ಸ್ವಲ್ಪ ನೀಲಿ ಬಣ್ಣ ಬಿಟ್ಟು, ಕಣ್ಣು ಮುಚ್ಚಿಕೊಂಡು ದಿನಾ ಕೈ ತೊಳೆಯುವ ಹಾಗೇ ಉಜ್ಜಲು ಹೇಳಿ. ಕಣ್ಣು ಬಿಟ್ಟು ನೋಡಿದರೆ ಹೆಚ್ಚಿನವರಿಗೆ ಹೆಬ್ಬೆರಳು, ಬೆರಳ ತುದಿ, ಸಂದಿಗಳಲ್ಲಿ ಬಣ್ಣವೇ ತಾಗಿರುವುದಿಲ್ಲ, ಅಂದರೆ ಸೋಪೂ ಅಲ್ಲಿಗೆ ಮುಟ್ಟುತ್ತಿಲ್ಲ ಅಂತ ಅರ್ಥ. ಇದನ್ನು ಒಮ್ಮೆ ಕಂಡವರಿಗೆ ಮತ್ತೆ ಹೇಳಬೇಕಾಗಿಲ್ಲ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಉಜ್ಜಬೇಕು, ಸೋಪು ನೀರಿನಲ್ಲಿ ತೊಳೆಯಲು ಒಟ್ಟು 40ರಿಂದ 60 ಸೆಕೆಂಡು ಬೇಕು. ಕೈಯಲ್ಲಿ ರಕ್ತವೋ ಮಲವೋ ಕಾಣುತ್ತಿದ್ದರೆ ಸೋಪೇ ಆಗಬೇಕು.

ಯಾವಾಗ ತೊಳೆಯಬೇಕು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಐದು ಸಂದರ್ಭ ಹೇಳಿದೆ: ರೋಗಿಯನ್ನು ಮುಟ್ಟುವ ಮೊದಲು, ಇಂಜೆಕ್ಷನ್, ಡ್ರೆಸ್ಸಿಂಗ್‌ನಂಥ ಕೆಲಸಕ್ಕೆ ಮೊದಲು, ರಕ್ತ ಮೂತ್ರ ತಾಗಬಹುದಾದ ಕೆಲಸ ಮುಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಮಂಚ, ಸ್ಟ್ಯಾಂಡ್, ಲಾಕರ್ ಮುಟ್ಟಿದ ಮೇಲೆ. ಕೊನೆಯದನ್ನು ಮರೆಯುವುದು ಸುಲಭ, ರೋಗಿಯನ್ನೇ ಮುಟ್ಟಿಲ್ಲವಲ್ಲ ಅನಿಸುತ್ತದೆ. ಬಾಯಿಪಾಠ ಮಾಡಿಸಬೇಡಿ. ಒಬ್ಬ ಸಿಸ್ಟರ್ ಡ್ರಿಪ್ ಬದಲಿಸಲಿ, ಉಳಿದವರು ಎಲ್ಲೆಲ್ಲಿ ಕೈ ತೊಳೆಯಬೇಕಿತ್ತು ಅಂತ ಹೇಳಲಿ. ಗ್ಲೌಸ್ ಹಾಕಿದ್ದೇವೆ ಅಂತ ಕೈ ತೊಳೆಯುವುದು ತಪ್ಪುವುದಿಲ್ಲ, ಅದೇ ಗ್ಲೌಸಿನಲ್ಲಿ ಪಕ್ಕದ ಮಂಚಕ್ಕೂ ಹೋಗಬಾರದು.

ಇನ್ನೊಂದು ದಿನ ಕ್ಯಾನುಲಾ (ಔಷಧಿ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ), ಕ್ಯಾತಿಟರ್ (ಮೂತ್ರ ಹೊರಬರಲು ಹಾಕುವ ನಳಿಕೆ). ಔಷಧಿ ಕೊಡುವ ಮೊದಲು ಕ್ಯಾನುಲಾದ ಬಾಯನ್ನು ಸ್ಪಿರಿಟ್ ಹತ್ತಿಯಲ್ಲಿ ಚೆನ್ನಾಗಿ ಉಜ್ಜಿ ಒಣಗಲು ಬಿಡಬೇಕು. ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಈ ನಳಿಕೆ ಇನ್ನೂ ಬೇಕಾ ಅಂತ ಡಾಕ್ಟರನ್ನು ದಿನಾ ಕೇಳುವ ಧೈರ್ಯವನ್ನೂ ಕಲಿಸಿ.

ಸೂಜಿಗೆ ಮತ್ತೆ ಕ್ಯಾಪ್ ಹಾಕಲೇಬಾರದು. ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ ನೇರವಾಗಿ ಹಾಕಬೇಕು, ಮುಕ್ಕಾಲು ತುಂಬಿದರೆ ಮುಚ್ಚಬೇಕು. ಚುಚ್ಚಿಕೊಂಡರೆ ಬೆರಳು ಹಿಂಡದೆ ಸೋಪು ನೀರಿನಲ್ಲಿ ತೊಳೆದು ತಕ್ಷಣ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುವಾಗಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಆ ಸಮಯವೇ ಕಳೆದುಹೋಗುತ್ತದೆ, ಅಲ್ವಾ?

ಆಯಾಗಳನ್ನೂ ಅಟೆಂಡರ್‌ಗಳನ್ನೂ ಜೊತೆಗೇ ಕರೆಯಿರಿ. ಒಂದು ತಿಂಗಳಾದ ಮೇಲೆ ವಾರ್ಡಿನಲ್ಲಿ ನಿಂತು ಗಮನಿಸಿ, ಕಂಡದ್ದನ್ನು ಇಡೀ ವಾರ್ಡಿನ ಲೆಕ್ಕದಲ್ಲಿ ಹೇಳಿ, ಯಾರ ಹೆಸರನ್ನೂ ಎತ್ತಬೇಡಿ. ಹೊಸಬರು ಸೇರಿದಾಗಲೆಲ್ಲ ಬಣ್ಣದ ಪಾಠದಿಂದಲೇ ಮತ್ತೆ ಶುರು ಮಾಡಿ.