ತಗಡು ಕತ್ತರಿಸುವ ಮೊದಲು ರಟ್ಟಿನ ಮುಂದೆ ಕೂತು ನೋಡಿ: ನೀವೇ ಕಟ್ಟುವ ವಿಮಾನದ ಪ್ಯಾನಲ್ ಜೋಡಣೆ

ಆರೆಗಾನಿನ ಹಿಲ್ಸ್‌ಬರೊದಲ್ಲಿ ನಮ್ಮ ಮನೆ. ಆರು ವರ್ಷ ನಮ್ಮ ಗ್ಯಾರೇಜಿನಲ್ಲಿ ಕಾರಿಗೆ ಜಾಗವೇ ಇರಲಿಲ್ಲ. ಅಲ್ಲಿ ಆರ್‌ವಿ-9ಎ ವಿಮಾನ ಕಟ್ಟುತ್ತಿದ್ದೆ. ಪಕ್ಕಪಕ್ಕದಲ್ಲಿ ಎರಡು ಸೀಟು, 160 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಕಿಟ್. ರೆಕ್ಕೆಯ ಒಂದೊಂದು ರಿವೆಟ್ ಎಲ್ಲಿ ಬರಬೇಕು ಅಂತ ಕಿಟ್‌ನ ನಕ್ಷೆ ಹೇಳುತ್ತದೆ. ಆದರೆ ಪೈಲಟ್ ಮುಂದಿನ ಪ್ಯಾನಲ್, ಅಂದರೆ ಮಾಪಕ, ಸ್ವಿಚ್ಚುಗಳೆಲ್ಲ ಕೂರುವ ಹಲಗೆ, ಹತ್ತಿರ ಬಂದಾಗ ಸಿಕ್ಕಿದ್ದು ಒಂದು ಖಾಲಿ ತಗಡು. ಏನು ಹಾಕಬೇಕು, ಎಲ್ಲಿ ಹಾಕಬೇಕು, ಎಲ್ಲ ನಮ್ಮದೇ ತೀರ್ಮಾನ. ಅಲ್ಲಿ ನಾನು ನಾಲ್ಕು ತಿಂಗಳು ನಿಂತುಬಿಟ್ಟೆ. ಆ ನಾಲ್ಕು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕ್ಯಾಟಲಾಗು ಮುಚ್ಚಿಡಿ. ಬೇರೆಯವರ ಪ್ಯಾನಲ್ ಫೋಟೊಗಳನ್ನೂ ಸ್ವಲ್ಪ ದಿನ ನೋಡಬೇಡಿ. ಒಂದು ಹಾಳೆ ತಗೊಂಡು ನೀವು ಎಂಥ ಹಾರಾಟ ಮಾಡುತ್ತೀರಿ ಅಂತ ಬರೆಯಿರಿ. ಹಗಲು ಮಾತ್ರವಾ, ರಾತ್ರಿಯೂ ಹಾರುತ್ತೀರಾ, ಮೋಡದೊಳಗೆ ಹೋಗುತ್ತೀರಾ? ಹಗಲು ಹೊತ್ತು, ಕಣ್ಣಿಗೆ ನೆಲ ಕಾಣುವ ಹಾರಾಟಕ್ಕೆ ಬೇಕಾದ್ದು ತುಂಬಾ ಕಡಿಮೆ. ವೇಗದ ಮಾಪಕ, ಎತ್ತರದ ಮಾಪಕ, ದಿಕ್ಸೂಚಿ, ಎಂಜಿನ್ ಸುತ್ತು, ಆಯಿಲ್ ಒತ್ತಡ, ಆಯಿಲ್ ಬಿಸಿ, ಒಂದೊಂದು ಟ್ಯಾಂಕಿಗೂ ಒಂದು ಇಂಧನ ಮಾಪಕ ಇದ್ದರೆ ಹೆಚ್ಚುಕಡಿಮೆ ಸಾಕು. ಅಮೆರಿಕದಲ್ಲಿ ದೊಡ್ಡ ನಿಲ್ದಾಣಗಳ ಸುತ್ತ ಹಾರುವುದಾದರೆ 2020ರ ಜನವರಿಯಿಂದ ಎಡಿಎಸ್-ಬಿ, ಅಂದರೆ ವಿಮಾನ ಎಲ್ಲಿದೆ ಅಂತ ತಾನಾಗಿಯೇ ರೇಡಿಯೊದಲ್ಲಿ ತಿಳಿಸುತ್ತಿರುವ ಉಪಕರಣ, ಕೂಡ ಬೇಕು.

ಚಿಕ್ಕವನಿದ್ದಾಗ ಜಕ್ಕೂರಿನಲ್ಲಿ ಪುಷ್ಪಕ್ ವಿಮಾನದೊಳಗೆ ಇಣುಕಿ ನೋಡಿದ್ದೆ. ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟ್ಗೆ ಅವರ ಮುಂದಾಳತ್ವದಲ್ಲಿ ತಯಾರಾದ ವಿಮಾನ ಅದು, 1958ರಲ್ಲಿ ಮೊದಲು ಹಾರಿತು. ಅದರ ಮುಂದಿದ್ದ ಡಯಲುಗಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದಿತ್ತು. ಅಷ್ಟರಲ್ಲೇ ಎಷ್ಟು ಜನ ವಿಮಾನ ಹಾರಿಸಲು ಕಲಿತರು! ಖಾಲಿ ಜಾಗ ಕಂಡ ಕೂಡಲೇ ತುಂಬಬೇಕು ಅನ್ನಿಸಿದಾಗಲೆಲ್ಲ ನಾನು ಅದನ್ನು ನೆನೆಸಿಕೊಂಡೆ.

ಇನ್ನು ಮುಖ್ಯ ವಿಷಯ. ಪ್ಯಾನಲ್ಲನ್ನು ಕಣ್ಣಿಗೆ ಚೆಂದ ಕಾಣುವ ಹಾಗೆ ಅಲ್ಲ, ಕೈಗೆ ಸಿಗುವ ಹಾಗೆ ಜೋಡಿಸಬೇಕು. ಅದೂ ಎಲ್ಲ ಸರಿ ಇರುವಾಗಿನ ಕೈಗಲ್ಲ. ವಿಮಾನ ಕುಲುಕಾಡುವಾಗ, ಬೆಲ್ಟ್ ಬಿಗಿಯಾಗಿರುವಾಗ, ಎದೆ ಡವಡವ ಅನ್ನುವಾಗಿನ ಕೈಗೆ.

ಇದನ್ನು ಯೋಚಿಸುವಾಗಲೆಲ್ಲ ನನಗೆ ಗಾಯಕ ಜಾನ್ ಡೆನ್ವರ್ ನೆನಪಾಗುತ್ತಾರೆ. 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯಲ್ಲಿ ಅವರ ವಿಮಾನ ಬಿತ್ತು. ಅದು ಲಾಂಗ್-ಈಜಿ, ಬೇರೊಬ್ಬರು ಮನೆಯಲ್ಲಿ ಕಟ್ಟಿದ್ದ ವಿಮಾನ. ಮೂಲ ನಕ್ಷೆಯಲ್ಲಿ ಇಂಧನ ಟ್ಯಾಂಕ್ ಬದಲಿಸುವ ಹಿಡಿ ಪೈಲಟ್ ಕಾಲುಗಳ ನಡುವೆ ಇತ್ತು. ಕಟ್ಟಿದವರು ಅದನ್ನು ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು. ಅದನ್ನು ಹಿಡಿಯಬೇಕಾದರೆ ಮೈ ಪೂರ್ತಿ ತಿರುಗಬೇಕು. ಹಾಗೆ ತಿರುಗುವಾಗ ಬಲಗಾಲು ವಿಮಾನದ ಮೂತಿಯನ್ನು ಎಡಬಲ ತಿರುಗಿಸುವ ರಡರ್ ಪೆಡಲನ್ನು ಒತ್ತಿಬಿಟ್ಟಿತು ಅಂತ ತನಿಖೆಯವರು ಬರೆದರು. ಹಿಡಿಯ ಮೇಲೆ ಗುರುತು ಇರಲಿಲ್ಲ, ಇಂಧನ ಮಾಪಕಗಳ ಮೇಲೂ ಇರಲಿಲ್ಲ. ಒಂದು ಹಿಡಿ ಎಲ್ಲಿರಬೇಕು ಅನ್ನೋದು ಸಣ್ಣ ವಿಷಯ ಅಲ್ಲ. ನನ್ನ ವಿಮಾನದಲ್ಲಿ ಅದು ನಕ್ಷೆಯಲ್ಲಿ ಇದ್ದ ಹಾಗೇ ಎರಡು ಸೀಟುಗಳ ನಡುವೆ ಇದೆ. ಎಡ, ಬಲ, ಬಂದ್ ಅಂತ ಮೂರೂ ಗುರುತು ದೊಡ್ಡದಾಗಿ ಬರೆಸಿದ್ದೇನೆ. ನಕ್ಷೆಯಲ್ಲಿ ಜಾಗ ಹೇಳಿರುವುದನ್ನು ದಯವಿಟ್ಟು ಸರಿಸಬೇಡಿ.

ಈಗ ರಟ್ಟಿನ ಕೆಲಸ. ಟಿವಿ ಡಬ್ಬದ ದಪ್ಪ ರಟ್ಟು ತಗೊಂಡು ಪ್ಯಾನಲ್ ಅಳತೆಗೆ ಸರಿಯಾಗಿ ಕತ್ತರಿಸಿ. ಒಂದೊಂದು ಉಪಕರಣದ ಚಿತ್ರವನ್ನೂ ನಿಜವಾದ ಅಳತೆಯಲ್ಲಿ ಪ್ರಿಂಟ್ ಮಾಡಿ. ದುಂಡು ಮಾಪಕದ ತೂತು 3⅛ ಇಂಚು, ಚಿಕ್ಕದಾದರೆ 2¼ ಇಂಚು. ರೇಡಿಯೊ ಸಾಲಿನ ಅಗಲ 6¼ ಇಂಚು. ತೂತಿನ ಅಳತೆಯ ಜೊತೆಗೆ ಹೊರ ಚೌಕಟ್ಟಿನ ಅಳತೆಯನ್ನೂ ತಗೊಳ್ಳಿ. ನಾನು ಅದನ್ನು ತಗೊಳ್ಳಲಿಲ್ಲ. ಹಾಗಾಗಿ ನನ್ನ ಮೊದಲ ತಗಡಿನಲ್ಲಿ ಪರದೆಯ ಚೌಕಟ್ಟು ಮೇಲಿನ ಮಡಿಕೆಗೆ ತಾಗಿ ಇಡೀ ತಗಡು ವ್ಯರ್ಥವಾಯಿತು. ಚಿತ್ರಗಳನ್ನು ಅಂಟಿಸಬೇಡಿ, ಗುಂಡುಸೂಜಿ ಚುಚ್ಚಿ. ಹೇಗೂ ಇಪ್ಪತ್ತು ಸಲ ಬದಲಿಸುತ್ತೀರಿ.

ಆಮೇಲೆ ಒಳಗೆ ಕೂತುಕೊಳ್ಳಿ. ಸೀಟಿನ ದಿಂಬು ಹಾಕಿ, ಭುಜದ ಬೆಲ್ಟ್ ಬಿಗಿಯಿರಿ, ಹೆಡ್‌ಸೆಟ್ ಹಾಕಿಕೊಳ್ಳಿ. ಬೆಲ್ಟ್ ಇಲ್ಲದೆ ಕೂತರೆ ಎಲ್ಲವೂ ಕೈಗೆ ಎಟುಕುತ್ತದೆ, ಅದಕ್ಕೆ ಬೆಲೆ ಇಲ್ಲ. ನಾನು ಹಾಗೆ ಕೂತಾಗ ನಾನು ಯೋಚಿಸಿಯೇ ಇರದ ಒಂದು ಸಂಗತಿ ಗೊತ್ತಾಯಿತು. ಎಡ ಸೀಟಿನಲ್ಲಿ ಕೂತವನ ಎಡಗೈಯಲ್ಲಿ ವಿಮಾನವನ್ನು ಬಾಗಿಸುವ, ಏರಿಸಿ ಇಳಿಸುವ ಕೋಲು, ಅಂದರೆ ಸ್ಟಿಕ್ ಇರುತ್ತದೆ, ಬಲಗೈ ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುವ ನಡುವಿನ ಥ್ರಾಟಲ್ ಮೇಲೆ. ಅಂದರೆ ಬಿಡುವಿರುವುದು ಬಲಗೈಗೆ ಮಾತ್ರ. ನಾನು ಎಲ್ಲ ಸ್ವಿಚ್ಚುಗಳನ್ನೂ ಎಡ ಮೂಲೆಯಲ್ಲಿ ಸಾಲಾಗಿ ಜೋಡಿಸಿದ್ದೆ. ನೋಡಲು ತುಂಬಾ ಚೆಂದ ಇತ್ತು. ಆದರೆ ಒಂದೊಂದು ಸ್ವಿಚ್ಚಿಗೂ ಕೈ ಬದಲಿಸಬೇಕಿತ್ತು. ಅವತ್ತೇ ಎಲ್ಲ ಕಿತ್ತು ನಡುವಿಗೆ ತಂದೆ. ಹಾರುವಾಗ ಮುಟ್ಟುವ ಇಂಧನ ಪಂಪು, ಲೈಟು, ರೇಡಿಯೊ, ಫ್ಲಾಪು (ಇಳಿಯುವಾಗ ಕೆಳಕ್ಕೆ ಬಾಗಿಸುವ ರೆಕ್ಕೆಯ ಹಿಂದಿನ ಪಟ್ಟಿ) ಬಲಗೈಗೆ ಸಿಗಲಿ. ನೆಲದ ಮೇಲೆ ಮಾತ್ರ ಮುಟ್ಟುವ ಕೀಲಿ, ಇಡೀ ವಿಮಾನಕ್ಕೆ ಕರೆಂಟು ಕೊಡುವ ಮಾಸ್ಟರ್ ಸ್ವಿಚ್ಚು ಎಡಕ್ಕಿದ್ದರೂ ತೊಂದರೆ ಇಲ್ಲ. ಸ್ಟಿಕ್ಕನ್ನು ಪೂರ್ತಿ ಮುಂದಕ್ಕೆ ತಳ್ಳಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಕೆಳಸಾಲಿನ ಸ್ವಿಚ್ಚುಗಳಿಗೆ ಸ್ಟಿಕ್ಕಿನ ತುದಿಯೋ ನಿಮ್ಮ ಬೆರಳ ಗೆಣ್ಣೋ ತಾಗಬಾರದು.

ಒಂದು ಭಾನುವಾರ ನನ್ನ ಹೆಂಡತಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿದೆ. ರಟ್ಟಿಗೆ ನಿಜವಾದ ಸ್ವಿಚ್ಚುಗಳನ್ನೇ ಸಿಕ್ಕಿಸಿದ್ದೆ. ಅವಳ ಕೈಯಲ್ಲಿ ಚೀಟಿ, ನನ್ನ ಕಣ್ಣಿಗೆ ಟವೆಲ್ ಕಟ್ಟಿದ್ದೆ. "ಇಂಧನ ಪಂಪು" ಅಂದಳು, ಹಾಕಿದೆ. "ಲ್ಯಾಂಡಿಂಗ್ ಲೈಟು" ಅಂದಳು, ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಪಂಪು ಆಫ್" ಅಂದಳು. ನಾನು ಒತ್ತಿದೆ. ಅವಳು ಏನೂ ಹೇಳಲಿಲ್ಲ. ಟವೆಲ್ ತೆಗೆದು ನೋಡಿದರೆ ನನ್ನ ಬೆರಳು ಕರೆಂಟು ತಯಾರಿಸುವ ಆಲ್ಟರ್ನೇಟರಿನ ಸ್ವಿಚ್ಚಿನ ಮೇಲಿತ್ತು.

"ರೀ, ಎರಡೂ ಒಂದೇ ಥರ ಇದೆಯಲ್ವಾ, ಯಾರಿಗಾದರೂ ಗೊತ್ತಾಗುತ್ತಾ?" ಅಂದಳು.

ಅವಳು ಹೇಳಿದ್ದು ಸರಿಯೇ ಇತ್ತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬಿ-17 ವಿಮಾನದ ಪೈಲಟ್‌ಗಳು ಇಳಿದ ಮೇಲೆ ಫ್ಲಾಪ್ ಎತ್ತುವ ಬದಲು ಚಕ್ರ ಎತ್ತಿಬಿಡುತ್ತಿದ್ದರು. ಎರಡು ಸ್ವಿಚ್ಚೂ ಅಕ್ಕಪಕ್ಕ, ಒಂದೇ ಆಕಾರ. ಆಲ್ಫೋನ್ಸ್ ಚಪಾನಿಸ್ ಅನ್ನೋ ಮನಶ್ಶಾಸ್ತ್ರಜ್ಞ ತಪ್ಪು ಪೈಲಟ್‌ಗಳದ್ದಲ್ಲ, ಜೋಡಣೆಯದ್ದು ಅಂತ ಕಂಡುಕೊಂಡರು. ಚಕ್ರದ ಹಿಡಿಗೆ ಚಕ್ರದ ಆಕಾರ, ಫ್ಲಾಪ್ ಹಿಡಿಗೆ ಫ್ಲಾಪಿನ ಆಕಾರ ಕೊಟ್ಟರೆ ಕೈಗೇ ಗೊತ್ತಾಗುತ್ತದೆ ಅನ್ನೋದು ಅಲ್ಲಿಂದ ಬಂತು. ನಾನು ಆಲ್ಟರ್ನೇಟರ್ ಸ್ವಿಚ್ಚನ್ನು ಎಡಕ್ಕೆ, ಮಾಸ್ಟರ್ ಪಕ್ಕಕ್ಕೆ ಕಳಿಸಿದೆ. ಅದು ಎಳೆದು ಎತ್ತಿದರೆ ಮಾತ್ರ ತಿರುಗುವ ಜಾತಿಯದ್ದು. ಪಂಪಿನ ಸ್ವಿಚ್ಚಿನ ತುದಿ ಚಪ್ಪಟೆ, ಲೈಟಿನದ್ದು ದುಂಡು. ಎಲ್ಲ ಸ್ವಿಚ್ಚೂ ಮೇಲಕ್ಕೆ ಎತ್ತಿದರೆ ಆನ್. ಇದರಲ್ಲಿ ಒಂದೇ ಒಂದು ಬೇರೆ ಇರಬಾರದು. ಥ್ರಾಟಲ್ ಕಪ್ಪು, ಎಂಜಿನ್ನಿಗೆ ಹೋಗುವ ಇಂಧನ, ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಹಿಡಿ ಕೆಂಪು ಅನ್ನೋದು ಎಲ್ಲ ಪೈಲಟ್‌ಗಳೂ ಕಲಿತ ಬಣ್ಣ, ಅದನ್ನು ಮುಟ್ಟಲು ಹೋಗಬೇಡಿ. ಬೇರೆ ಬೇರೆ ದಿನ ಮೂರು ಸಲ ಟವೆಲ್ ಕಟ್ಟಿಕೊಂಡು ಕೂತು, ಇಪ್ಪತ್ತಕ್ಕೆ ಇಪ್ಪತ್ತು ಸರಿ ಬರುವವರೆಗೂ ಬದಲಿಸುತ್ತಾ ಹೋದೆ.

ಮಾಪಕಗಳ ಜಾಗ ಹಳೆಯ ಕ್ರಮದಲ್ಲೇ ಇರಲಿ. ನಡುವೆ ವಿಮಾನ ಎಷ್ಟು ವಾಲಿದೆ ಅಂತ ತೋರಿಸುವ ಹಾರಿಜಾನ್, ಅದರ ಎಡಕ್ಕೆ ವೇಗ, ಬಲಕ್ಕೆ ಎತ್ತರ, ಕೆಳಗೆ ದಿಕ್ಕು. ನಾನು ಹಾಕಿದ್ದು ಗಾರ್ಮಿನ್ ಜಿ3ಎಕ್ಸ್ ಟಚ್, 10.6 ಇಂಚಿನ ಪರದೆ. ಅದರಲ್ಲೂ ಇದೇ ಕ್ರಮ. ಪರದೆಯನ್ನು ಪ್ಯಾನಲ್ಲಿನ ನಡುವಿಗಲ್ಲ, ನಿಮ್ಮ ಮೂಗಿನ ನೇರಕ್ಕೆ ಹಾಕಿ. ಕುಲುಕಾಟದಲ್ಲಿ ಬರೀ ಬೆರಳು ಪರದೆಯ ಮೇಲೆ ನಿಲ್ಲುವುದಿಲ್ಲ. ಹೆಬ್ಬೆರಳು ಊರಲು ಅಂಚು ಬೇಕು, ತಿರುಗಿಸಲು ಗುಂಡಿ ಬೇಕು. ಮುಖ್ಯ ಪರದೆ ಆರಿಹೋದರೆ ಏನು ಮಾಡುತ್ತೀರಿ ಅಂತ ಕೇಳಿಕೊಳ್ಳಿ. ನಾನು ಸ್ವಂತ ಬ್ಯಾಟರಿ ಇರುವ ಜಿ5 ಅನ್ನೋ ಗಾರ್ಮಿನ್‌ನದೇ ಚಿಕ್ಕ ಪರದೆ ಹಾಕಿದ್ದೇನೆ, ಅದು 3⅛ ಇಂಚಿನ ತೂತಿನಲ್ಲೇ ಕೂರುತ್ತದೆ. ಮೊದಲು ಜಾಗ ಸಿಕ್ಕಿತು ಅಂತ ಬಲಗಡೆ ಇಟ್ಟಿದ್ದೆ. ತಲೆ ತಿರುಗಿಸಿ ನೋಡಬೇಕಾದರೆ ಅದು ಇದ್ದೂ ಇಲ್ಲದ ಹಾಗೆ. ಈಗ ಮುಖ್ಯ ಪರದೆಯ ಅಂಚಿಗೇ ಇದೆ.

ಐವತ್ತು ದಾಟಿದವರಿಗೆ ಒಂದು ಮಾತು. ಕಣ್ಣಿನಿಂದ ಪ್ಯಾನಲ್ಲಿಗೆ ಇರುವ ದೂರವನ್ನು ಟೇಪಿನಲ್ಲಿ ಅಳೆಯಿರಿ. ನನ್ನದು 28 ಇಂಚು ಬಂತು. ಆ ಸಂಖ್ಯೆಯನ್ನು ಕಣ್ಣಿನ ಡಾಕ್ಟರಿಗೆ ಕೊಟ್ಟು, ಮೇಲ್ಭಾಗದಲ್ಲಿ ದೂರ, ಕೆಳಭಾಗದಲ್ಲಿ ಸರಿಯಾಗಿ ಅಷ್ಟು ದೂರ ಕಾಣುವ ಕನ್ನಡಕ ಮಾಡಿಸಿಕೊಂಡೆ. ಆಗ ಪ್ಯಾನಲ್ಲಿನ ತೀರಾ ಮೇಲ್ಗಡೆಯ ಸಣ್ಣ ಅಕ್ಷರ ಓದಲು ಗದ್ದ ಎತ್ತಬೇಕಾಯಿತು. ಹಾಗಾಗಿ ಮೇಲ್ಗಡೆ ಎಚ್ಚರಿಕೆಯ ಕೆಂಪು ದೀಪ ಮಾತ್ರ. ಓದುವಂಥದ್ದೆಲ್ಲ ಕೆಳಗೆ.

ತಗಡಿನ ಹಿಂದೆ ಏನಿದೆ ಅಂತಲೂ ನೋಡಬೇಕು. ಆರ್‌ವಿಯಲ್ಲಿ ಪ್ಯಾನಲ್ ಹಿಂದೆ ಅಡ್ಡಪಟ್ಟಿಗಳಿವೆ. ರೇಡಿಯೊ ತಟ್ಟೆ ಒಂದಡಿ ಹತ್ತಿರ ಆಳ ಹೋಗುತ್ತದೆ, ವೈರಿನ ಬಾಗು ಸೇರಿಸಿದರೆ ಇನ್ನೂ ಜಾಸ್ತಿ. ನನ್ನ ವಿಮಾನದ ಸೀಟುಗಳ ಮೇಲಿನ ಗಾಜಿನ ಮುಚ್ಚಳ ಮುಂದಕ್ಕೆ ಎತ್ತುವ ಥರದ್ದು. ಆರೆಗಾನಿನ ಮಳೆಯಲ್ಲಿ ಅದನ್ನು ತೆಗೆದರೆ ನೀರು ನೇರ ಉಪಕರಣಗಳ ಮೇಲೆ ಬೀಳುತ್ತದೆ. ಅದಕ್ಕೆ ಮೇಲೊಂದು ಸಣ್ಣ ಸೂರು ಮಾಡಿದೆ. ವೈರುಗಳಿಗೆ ಒಂದು ಗೇಣು ಸಡಿಲ ಬಿಡಿ, ಆಮೇಲೆ ಉಪಕರಣವನ್ನು ಮುಂದಕ್ಕೆ ಎಳೆದು ರಿಪೇರಿ ಮಾಡಬಹುದು. ದಿಕ್ಸೂಚಿಯ ಹತ್ತಿರ ಕಬ್ಬಿಣದ ಸ್ಕ್ರೂ ಬೇಡ, ಹಿತ್ತಾಳೆಯದು ಹಾಕಿ.

ಕತ್ತರಿಸುವುದು ನಿಧಾನದ ಕೆಲಸ. 0.063 ಇಂಚು ದಪ್ಪದ 2024-ಟಿ3 ಅಲ್ಯೂಮಿನಿಯಂ ತಗಡು ತಗೊಂಡೆ. ಗೆರೆಯಿಂದ ಒಂದೂವರೆ ಮಿಲಿಮೀಟರ್ ಒಳಗೆ ಕೊಯ್ದು, ಉಳಿದದ್ದನ್ನು ಅರದಲ್ಲಿ ಉಜ್ಜಿ. ಮೂಲೆಗಳನ್ನು ಮೊದಲು ಡ್ರಿಲ್ ಮಾಡಿ, ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಬಣ್ಣ ಮಿಂಚಬಾರದು, ನಾನು ಮಂಕು ಬೂದು ಹೊಡೆದೆ. ಪಕ್ಕದ ಸೀಟಿನವರಿಗೆ ಕಾಣುವ ಹಾಗೆ, ಇದು ಮನೆಯಲ್ಲಿ ಕಟ್ಟಿದ ವಿಮಾನ ಅನ್ನುವ ಎಚ್ಚರಿಕೆಯ ಫಲಕಕ್ಕೂ ಜಾಗ ಬಿಡಿ, ಕಾನೂನು ಅದನ್ನು ಕೇಳುತ್ತದೆ.

ಎಲ್ಲ ಜೋಡಿಸಿ, ಬ್ಯಾಟರಿ ಕೊಟ್ಟ ಮೇಲೆ ಒಂದು ರಾತ್ರಿ ಗ್ಯಾರೇಜಿನ ದೀಪ ಆರಿಸಿ ಒಳಗೆ ಕೂತುಕೊಳ್ಳಿ. ಗಾಜಿನ ಮುಚ್ಚಳ ಮುಚ್ಚಿರಿ. ಹಗಲಲ್ಲಿ ಕಾಣದ್ದೆಲ್ಲ ಆಗ ಕಾಣುತ್ತದೆ. ನಾನು ಕೂತಾಗ ಯುಎಸ್‌ಬಿ ಸಾಕೆಟ್ಟಿನ ಒಂದು ನೀಲಿ ದೀಪ, ಸಾಸಿವೆ ಕಾಳಿನಷ್ಟು ಇರಬಹುದು, ಮುಂದಿನ ಗಾಜಿನಲ್ಲಿ ಪ್ರತಿಫಲಿಸುತ್ತಿತ್ತು. ಇಳಿಯುವಾಗ ರನ್‌ವೇ ಕಾಣಬೇಕಾದ ಜಾಗದಲ್ಲೇ ಅದು ಕೂತಿತ್ತು. ಅವತ್ತು ಅದರ ಮೇಲೆ ಒಂದು ತುಂಡು ಕಪ್ಪು ಟೇಪ್ ಹಚ್ಚಿದೆ. ಮಾರನೇ ದಿನ ಸಾಕೆಟ್ಟನ್ನೇ ತೆಗೆದು ಸೀಟಿನ ಪಕ್ಕಕ್ಕೆ ಹಾಕಿದೆ.