ಯಾವ ಬೆರಳು ಜುಮ್ಮೆನ್ನುತ್ತದೆ, ನೋಡಿಕೊಳ್ಳಿ

ಕೈ ಜುಮ್ಮೆಂದರೆ ನಮ್ಮ ಕಡೆ ವಾಯು ಅಂತಾರೆ, ಇಲ್ಲಾ ಕತ್ತಿನ ನರ ಅಂತಾರೆ. ಯಾವ ಬೆರಳು ಅಂತ ಯಾರೂ ಕೇಳುವುದಿಲ್ಲ. ನನಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಒಂದು ಪಕ್ಕ ಮರಗಟ್ಟುತ್ತಿತ್ತು. ಕಿರುಬೆರಳಿಗೆ ಏನೂ ಇಲ್ಲ. ಅದಕ್ಕೆ ಹೋಗುವ ನರವೇ ಬೇರೆ. ಉಳಿದ ಬೆರಳುಗಳ ಮೀಡಿಯನ್ ನರ ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ, ಬೆರಳು ಮಡಚುವ 9 ಸ್ನಾಯುರಜ್ಜುಗಳ ಜೊತೆ ನುಸುಳಿ ಬರಬೇಕು. ಅಲ್ಲಿ ಊದಿಕೊಂಡರೆ ನರದ ಮೇಲೆ ಒತ್ತಡ ಬೀಳುತ್ತದೆ. ಇದೇ ಕಾರ್ಪಲ್ ಟನಲ್ ಸಿಂಡ್ರೋಮ್.

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಕೊಯ್ಲು ಮುಗಿದರೆ ಕಸಿ, ಅಂದರೆ ಗಿಡದ ಕೊಂಬೆ ಸವರುವುದು, ಆಮೇಲೆ ಚಿಗುರು ತೆಗೆಯುವುದು. ಕತ್ತರಿ ಬಿಗಿಯಾಗಿ ಹಿಡಿದು ದಿನವಿಡೀ ಒತ್ತುವ ಕೆಲಸ. ಕೈ ನಡುಗಿಸುವ ಕಳೆ ಯಂತ್ರವೂ ಇದಕ್ಕೆ ಕೆಟ್ಟದ್ದೇ. ಸಕ್ಕರೆ ಕಾಯಿಲೆ ಇದ್ದವರಿಗೆ, ಬಸುರಿಯರಿಗೆ, ನನ್ನ ಹಾಗೆ ಥೈರಾಯ್ಡ್ ಕಡಿಮೆ ಇರುವವರಿಗೆ ಬರುವುದು ಜಾಸ್ತಿ.

ರಾತ್ರಿ ಮಣಿಕಟ್ಟು ಮಡಚಿಕೊಂಡೇ ಮಲಗುತ್ತೇವೆ, ಅಲ್ವಾ? ಆಗಲೇ ಎಚ್ಚರವಾಗುತ್ತಿತ್ತು. ಎದ್ದು ಕೈ ಕೊಡವಿದರೆ ಸರಿಹೋಗುತ್ತಿತ್ತು. ಮಣಿಕಟ್ಟನ್ನು ನೇರವಾಗಿ ಹಿಡಿಯುವ ಸ್ಪ್ಲಿಂಟ್ ರಾತ್ರಿ ಹಾಕಿಕೊಂಡೆ. ಎಡಗೈಗೆ ಅಷ್ಟೇ ಸಾಕಾಯಿತು.

ಬಲಗೈಯಲ್ಲಿ ನೋವು ತಾನಾಗಿಯೇ ಇಳಿಯಿತು. ಮನೆಯವರಿಗೆ ಸಮಾಧಾನ. ನನಗೆ ಮಾತ್ರ ಭಯ ಶುರುವಾಯಿತು, ಯಾಕೆಂದರೆ ಮರಗಟ್ಟಿದ್ದು ಈಗ ಹಗಲೂ ಬಿಡುತ್ತಿರಲಿಲ್ಲ. ಕರಿಮೆಣಸಿನ ಕಾಳನ್ನು ಎರಡು ಬೆರಳಲ್ಲಿ ಹಿಡಿದರೆ, ನೋಡದೆ ಅದು ಇದೆಯೋ ಬಿತ್ತೋ ತಿಳಿಯುತ್ತಿರಲಿಲ್ಲ. ಸೀರೆಗೆ ಪಿನ್ ಹಾಕಲು ಮಗಳೇ ಬರಬೇಕು. ಎರಡೂ ಅಂಗೈ ಪಕ್ಕಪಕ್ಕ ಇಟ್ಟು ನೋಡಿದೆ. ಬಲಗಡೆ ಹೆಬ್ಬೆರಳ ಬುಡದ ಉಬ್ಬು ಚಪ್ಪಟೆಯಾಗಿತ್ತು. ನರದ ಮೇಲೆ ತುಂಬಾ ಕಾಲ ಒತ್ತಡ ಬಿದ್ದರೆ ಅಲ್ಲಿನ ಸ್ನಾಯು ಸೊರಗುತ್ತದೆ. ಈ ಕಾಯಿಲೆಯಲ್ಲಿ ನಾನು ನೋವಿಗಿಂತ ಹೆದರುವುದು ಇದಕ್ಕೇ.

ಮೈಸೂರಿನಲ್ಲಿ ನರದ ಪರೀಕ್ಷೆ ಮಾಡಿಸಿದೆ, ಆಪರೇಷನ್ ಆಯಿತು. ಕೈಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಂಗೈ ಬುಡದಲ್ಲಿ ನರದ ಮೇಲಿನ ಬಿಗಿ ಪಟ್ಟಿಯನ್ನು ಕತ್ತರಿಸಿದರು. ಅದೇ ದಿನ ಮನೆಗೆ ಬಂದೆ. ರಾತ್ರಿಯ ಜುಮ್ಮು ಬೇಗ ನಿಂತಿತು. ಸ್ಪರ್ಶ ಬರಲು ತಿಂಗಳುಗಳೇ ಹಿಡಿದವು. ಸೊರಗಿದ ಉಬ್ಬು ಪೂರ್ತಿ ತುಂಬಿಲ್ಲ, ಗಟ್ಟಿ ಕೊಂಬೆಗೆ ಈಗಲೂ ಎರಡು ಕೈ ಬೇಕು.

ತೋಟದ ಕೆಲಸಕ್ಕೆ ಬರುವ ಹೆಂಗಸರಿಗೆ ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಬೆರಳು ಕೆಳಕ್ಕೆ ಮಾಡಿ, ಎರಡೂ ಅಂಗೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ 1 ನಿಮಿಷ ಹಿಡಿಯಿರಿ. ಹೆಬ್ಬೆರಳ ಕಡೆಯ ಬೆರಳುಗಳು ಜುಮ್ಮೆಂದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಉಬ್ಬು ಇಳಿಯುವ ಮೊದಲೇ ಡಾಕ್ಟರಿಗೆ ತೋರಿಸಿ.