ಹೊರಗೆ ಹನಿಯಿಲ್ಲ, ಒಳಗೆ ಗಾಳಿ

ನನ್ನದು ನಾನೇ ಕಟ್ಟಿಕೊಂಡ ಎರಡು ಸೀಟಿನ ವಿಮಾನ. ರೆಕ್ಕೆ ಕೆಳಗಡೆ, ರೆಕ್ಕೆಗೊಂದು ಟ್ಯಾಂಕ್, ಕಾರ್ಬ್ಯುರೇಟರ್ ಇರುವ ಎಂಜಿನ್. ಎಡ ಟ್ಯಾಂಕಿನಲ್ಲಿ ಹಾರುವಾಗ ಎಲ್ಲ ಸರಿ. ಬಲ ಟ್ಯಾಂಕಿಗೆ ಬದಲಿಸಿದರೆ ಫ್ಯೂಯೆಲ್ ಪ್ರೆಶರ್ ಮುಳ್ಳು ನಡುಗುತ್ತಿತ್ತು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದರೆ ನಡುಕ ಇನ್ನೂ ಜಾಸ್ತಿ. ಎಂಜಿನ್ ತಡವರಿಸಿರಲಿಲ್ಲ. ಆದರೂ ಕಾರಣ ಸಿಗುವ ತನಕ ಹಾರುವುದನ್ನು ನಿಲ್ಲಿಸಿದೆ.

ಇಂಥ ಹೊತ್ತಲ್ಲಿ ಪಂಪ್ ಬದಲಿಸಿಬಿಡೋಣ ಅನ್ನಿಸುತ್ತದೆ. ಆದರೆ ಪಂಪ್, ಗ್ಯಾಸ್ಕೊಲೇಟರ್ (ಇಂಧನದ ನೀರು, ಕಸ ಹಿಡಿಯುವ ಬಟ್ಟಲು), ಕಾರ್ಬ್ಯುರೇಟರ್ ಎರಡೂ ಟ್ಯಾಂಕಿಗೆ ಅವೇ. ಎಡದಲ್ಲಿ ಸರಿಯಿದ್ದರೆ ಅವುಗಳ ಮೇಲೆ ಸುಮ್ನೆ ಅನುಮಾನ ಯಾಕೆ, ಅಲ್ವಾ? ಉಳಿದದ್ದು ಬಲಗಡೆಯ ವೆಂಟ್ (ಟ್ಯಾಂಕಿಗೆ ಗಾಳಿ ಬಿಡುವ ಕೊಳವೆ), ಟ್ಯಾಂಕಿನ ಜಾಲರಿ, ಪೈಪು, ಟ್ಯಾಂಕ್ ಬದಲಿಸುವ ಸೆಲೆಕ್ಟರ್.

ಕೆಳಗಿನಿಂದ ಇಂಧನ ತೆಗೆದು ನೋಡಿದೆ. ನೀರಿಲ್ಲ, ಕಸವಿಲ್ಲ. ವೆಂಟಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದುಂಟು, ಊದಿ ನೋಡಿದೆ, ತೆರೆದೇ ಇತ್ತು. ಅದು ಮುಚ್ಚಿದ್ದರೆ ಪ್ರೆಶರ್ ಮೆಲ್ಲಗೆ ಇಳಿಯುತ್ತಿತ್ತು, ಹೀಗೆ ನಡುಗುತ್ತಿರಲಿಲ್ಲ.

ಆಮೇಲೆ ಕಾರ್ಬ್ಯುರೇಟರ್ ಹತ್ತಿರ ಪೈಪು ಬಿಚ್ಚಿ, ಪಾರದರ್ಶಕ ಮೆದುಕೊಳವೆ ಸಿಕ್ಕಿಸಿ, ಇಂಧನ ಲೋಹದ ಡಬ್ಬಕ್ಕೆ ಬೀಳುವಂತೆ ಎಲೆಕ್ಟ್ರಿಕ್ ಪಂಪ್ ಚಾಲೂ ಮಾಡಿದೆ. ಇದನ್ನು ಬಯಲಲ್ಲೇ ಮಾಡಬೇಕು. ಕಿಡಿ ಹಾರದಂತೆ ಡಬ್ಬಕ್ಕೂ ವಿಮಾನಕ್ಕೂ ತಂತಿ ಕಟ್ಟಿರಬೇಕು, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಬೇಕು. ನನ್ನ ಎಂಜಿನ್ ಪೂರ್ತಿ ಪವರ್‌ನಲ್ಲಿ ಗಂಟೆಗೆ ಸುಮಾರು 50 ಲೀಟರ್ ಕುಡಿಯುತ್ತದೆ. ಪಂಪ್ ಇರುವ ವ್ಯವಸ್ಥೆಯಲ್ಲಿ ಅದರ 125% ಬರಬೇಕು, ಅಂದರೆ ನಿಮಿಷಕ್ಕೆ 1 ಲೀಟರಿಗಿಂತ ತುಸು ಹೆಚ್ಚು. ಎಡದಿಂದ ಧಾರಾಳವಾಗಿ ಬಂತು. ಬಲದಿಂದ ಬಂದದ್ದು ಕಡಿಮೆ, ಜೊತೆಗೆ ಗುಳ್ಳೆಗಳ ಸಾಲು.

ಗುಳ್ಳೆ ಕಂಡದ್ದೇ ದಾರಿ ತೆರೆಯಿತು. ಕೆಳರೆಕ್ಕೆಯ ವಿಮಾನದಲ್ಲಿ ಪಂಪ್ ಇಂಧನವನ್ನು ಮೇಲಕ್ಕೆ ಹೀರುತ್ತದೆ. ಟ್ಯಾಂಕಿನಿಂದ ಪಂಪಿನವರೆಗೆ ಎಲ್ಲೇ ಬಿರುಕಿದ್ದರೂ ಇಂಧನ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಒದ್ದೆ ಹುಡುಕಿ ಪ್ರಯೋಜನವಿಲ್ಲ. ಟ್ಯಾಂಕ್ ತುಂಬಿದ್ದಾಗ ಮಾತ್ರ ಚೂರು ಜಿನುಗಬಹುದು. 100 ಎಲ್‌ಎಲ್ ಅನ್ನುವ ವಿಮಾನದ ಪೆಟ್ರೋಲ್ ಆರಿದ ಮೇಲೂ ಅದರ ನೀಲಿ ಬಣ್ಣ ಉಳಿಯುತ್ತದೆ. ರೆಕ್ಕೆಯ ಬುಡದಲ್ಲಿ ಟಾರ್ಚ್ ಬಿಟ್ಟಾಗ ಒಂದು ನಟ್ಟಿನ ಸುತ್ತ ಆ ಕಲೆ ಕಾಣಿಸಿತು. ಬಿಚ್ಚಿದರೆ ಅಲ್ಯೂಮಿನಿಯಂ ಪೈಪಿನ ಅರಳಿಸಿದ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಪಕ್ಕದ ಕ್ಲ್ಯಾಂಪ್ ಸಡಿಲವಾಗಿ ಪೈಪು ಅದುರುತ್ತಿತ್ತು.

ಹೊಸ ಪೈಪಿನ ತುದಿಯನ್ನು 37 ಡಿಗ್ರಿಗೆ ಅರಳಿಸಿದೆ. ಕಾರಿನ ಕೆಲಸದ ಉಪಕರಣ 45 ಡಿಗ್ರಿಯದು, ಇಲ್ಲಿ ಅದು ಸಲ್ಲದು. ಆ ಜಾಯಿಂಟಿಗೆ ಟೆಫ್ಲಾನ್ ಟೇಪೂ ಬೇಡ. ಮತ್ತೆ ಅಳೆದಾಗ ಎರಡೂ ಕಡೆ ಧಾರೆ ಸಮ, ಗುಳ್ಳೆಯಿಲ್ಲ. ನೆಲದಲ್ಲಿ ಪೂರ್ತಿ ಪವರ್ ಕೊಟ್ಟು ನೋಡಿ, ಬಲ ಟ್ಯಾಂಕನ್ನು ಅರ್ಧಕ್ಕಿಂತ ಕಡಿಮೆ ಮಾಡಿಕೊಂಡು ಏರ್‌ಫೀಲ್ಡ್ ಮೇಲೆಯೇ ಸುತ್ತಿದೆ. ಮುಳ್ಳು ಅಲುಗಲಿಲ್ಲ. ಎಡಗಡೆಯ ಕ್ಲ್ಯಾಂಪನ್ನೂ ಬದಲಿಸಿದ್ದೇನೆ.